ಚಳಿಜ್ವರದ ಮಾತ್ರೆ ಮತ್ತು ತೋಳದ ಹೆಸರಿನ ಕಾಯಿಲೆ

ಭಾಗ 1/9: ನಾಲೆ ಬಂತು, ಜ್ವರಾನೂ ಬಂತು

ಫ್ರೆಂಡ್ಸ್, ಈ ಸಲದ ಸೀರೀಸ್ ಒಂದು ಕಾಯಿಲೆಯ ಇತಿಹಾಸ. ಹೆಸರು ಲೂಪಸ್. ಒಂಬತ್ತು ಭಾಗ ಇದೆ, ನಿಧಾನಕ್ಕೆ ಓದಿ. ಶುರು ಮಾತ್ರ ನಮ್ಮ ಮಂಡ್ಯದ ನಾಲೆಯಿಂದ.

ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಅದರ ನೀರು ಇರ್ವಿನ್ ನಾಲೆಯಲ್ಲಿ ನಮ್ಮ ಸೀಮೆಗೆ ಹರಿದಿದ್ದು 1930ರ ದಶಕದ ಆರಂಭದಲ್ಲಿ. ಇವತ್ತು ಅದನ್ನೇ ವಿಶ್ವೇಶ್ವರಯ್ಯ ನಾಲೆ, ವಿ.ಸಿ. ನಾಲೆ ಅಂತೀವಿ. ರಾಗಿ, ಹುರುಳಿ ಬೆಳೀತಿದ್ದ ಹೊಲಗಳು ಭತ್ತ, ಕಬ್ಬಿನ ಗದ್ದೆ ಆದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಜಿಲ್ಲೇನೇ ಆಯ್ತು. ಈ ಭಾಗ ನಮಗೆಲ್ಲ ಸ್ಕೂಲಿಂದಲೂ ಗೊತ್ತು.

ಪಾಠದಲ್ಲಿ ಹೇಳದೆ ಬಿಟ್ಟಿದ್ದು ಚಳಿಜ್ವರ. ನಾಲೆ ಪಕ್ಕದ ಜೌಗು, ಗದ್ದೆಯಲ್ಲಿ ನಿಂತ ನೀರು, ಅದರಲ್ಲಿ ಸೊಳ್ಳೆ. ನೀರಾವರಿ ಬಂದ ಊರುಗಳಲ್ಲಿ ಮಲೇರಿಯ ಹೆಚ್ಚಾಯ್ತು. ಆಗ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಮಲೇರಿಯ ಅಧ್ಯಯನ ನಡೆಸ್ತಿತ್ತು. ಆ ಕೆಲಸದಲ್ಲಿದ್ದ ಡಬ್ಲ್ಯು. ಸಿ. ಸ್ವೀಟ್ ಮತ್ತು ಬಿ. ಎ. ರಾವ್ 1937ರಲ್ಲಿ ಸೊಳ್ಳೆಯ ಒಂದು ಬಗೆಗೆ "ಮೈಸೊರೆನ್ಸಿಸ್" ಅಂತಾನೇ ಹೆಸರಿಟ್ರು. ನಮ್ಮ ಮೈಸೂರಿನ ಹೆಸರು ಸೊಳ್ಳೆಗೂ ಹೋಯ್ತು ನೋಡಿ!

ಇದಕ್ಕೂ ಲೂಪಸ್‌ಗೂ ಏನು ಸಂಬಂಧ ಅಂತೀರಾ? ಇವತ್ತು ಲೂಪಸ್ ಇರೋರಲ್ಲಿ ಬಹುತೇಕ ಎಲ್ಲರಿಗೂ ಡಾಕ್ಟರ್ ಬರೆದು ಕೊಡೋ ಮಾತ್ರೆ ಹುಟ್ಟಿದ್ದು ಚಳಿಜ್ವರಕ್ಕೆ. ನಮ್ಮ ಚಿಕ್ಕಮ್ಮ ಅದನ್ನ ದಿನಾ ನುಂಗ್ತಾರೆ, ತಮ್ಮ ಹೃದಯ ಮತ್ತು ಶ್ವಾಸಕೋಶ ಉಳಿಸಿಕೊಳ್ಳೋಕೆ. ಆ ಮಾತ್ರೆ ಅಲ್ಲಿಂದ ಇಲ್ಲಿಗೆ ಹೇಗೆ ಬಂತು ಅನ್ನೋದೇ ಈ ಕತೆ.

ಭಾಗ 2/9: ಲೂಪಸ್ ಅಂದ್ರೆ ತೋಳ

ಲ್ಯಾಟಿನ್‌ನಲ್ಲಿ ಲೂಪಸ್ ಅಂದ್ರೆ ತೋಳ. ಮಧ್ಯಯುಗದ ಯುರೋಪಿನಲ್ಲಿ ಮುಖದ ಚರ್ಮ ತಿಂದು ಹಾಕೋ ಹುಣ್ಣುಗಳಿಗೆಲ್ಲ ಈ ಹೆಸರೇ. ತೋಳ ಕಚ್ಚಿದ ಹಾಗೆ ಕಾಣುತ್ತೆ ಅಂತ.

1846ರಲ್ಲಿ ವಿಯೆನ್ನಾದ ಫರ್ಡಿನಾಂಡ್ ವಾನ್ ಹೆಬ್ರಾ ಅನ್ನೋ ಚರ್ಮವೈದ್ಯ ಒಂದು ಬಗೆಯ ಕೆಂಪು ಗುರುತನ್ನ ಬೇರೆಯಾಗಿ ವರ್ಣಿಸಿದ. ಎರಡೂ ಕೆನ್ನೆ, ನಡುವೆ ಮೂಗಿನ ಮೇಲೆ ಹರಡಿ, ರೆಕ್ಕೆ ಬಿಚ್ಚಿದ ಚಿಟ್ಟೆ ಥರ ಕಾಣೋ ಗುರುತು. 1851ರಲ್ಲಿ ಪ್ಯಾರಿಸ್‌ನ ಪಿಯರ್ ಕಾಜೆನಾವ್ ಇದಕ್ಕೆ "ಲೂಪಸ್ ಎರಿಥಿಮೆಟೋಸಸ್" ಅನ್ನೋ ಹೆಸರು ಕೊಟ್ಟ. ಕೆಂಪು ಲೂಪಸ್ ಅಂತ ಇಟ್ಕೊಳ್ಳಿ.

ಇನ್ನೊಂದು ಲೂಪಸ್ಸೂ ಇತ್ತು, ಲೂಪಸ್ ವಲ್ಗ್ಯಾರಿಸ್. ಅದು ಚರ್ಮಕ್ಕೆ ಬರೋ ಟಿಬಿ. ಹೆಸರು ಒಂದೇ ಥರ, ಕಾಯಿಲೆ ಮಾತ್ರ ಪೂರ್ತಿ ಬೇರೆ. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಈ ಚರ್ಮದ ಟಿಬಿಗೆ ಬೆಳಕಿನಿಂದ ಚಿಕಿತ್ಸೆ ಕೊಟ್ಟು 1903ರಲ್ಲಿ ನೊಬೆಲ್ ತಗೊಂಡ. ಆದ್ರೆ ಕೆಂಪು ಲೂಪಸ್ ಇರೋರಿಗೆ ಬಿಸಿಲೇ ವೈರಿ, ಬಿಸಿಲಿಗೆ ಹೋದ್ರೆ ಕಾಯಿಲೆ ಕೆರಳುತ್ತೆ. ಒಂದು ಲೂಪಸ್‌ಗೆ ಬೆಳಕೇ ಮದ್ದು, ಇನ್ನೊಂದಕ್ಕೆ ಬೆಳಕೇ ವಿಷ.

ಟಿಬಿ ಮತ್ತು ಲೂಪಸ್ ನಡುವಿನ ಈ ಗೊಂದಲ ಆಮೇಲೆ ನಮ್ಮ ಮನೆ ಬಾಗಿಲಿಗೂ ಬರುತ್ತೆ. ಭಾಗ 4ರಲ್ಲಿ ಹೇಳ್ತೀನಿ.

ಭಾಗ 3/9: ಚರ್ಮದಿಂದ ಎದೆಯೊಳಕ್ಕೆ

ಬಹಳ ವರ್ಷ ಇದನ್ನ ಬರೀ ಚರ್ಮದ ಕಾಯಿಲೆ ಅಂತಾನೇ ತಿಳ್ಕೊಂಡಿದ್ರು. 1872ರಲ್ಲಿ ವಿಯೆನ್ನಾದ ಮೋರಿಟ್ಸ್ ಕಪೋಸಿ, ಕೆಲವರಿಗೆ ಮುಖದ ಗುರುತಿನ ಜೊತೆ ಜ್ವರ, ಕೀಲುನೋವು, ರಕ್ತಹೀನತೆ, ತೂಕ ಇಳಿಯೋದು ಎಲ್ಲಾ ಇರುತ್ತೆ, ಕೆಲವರು ಸಾಯ್ತಾರೆ ಅಂತ ಬರೆದ. 1895ರಿಂದ 1904ರ ನಡುವೆ ವಿಲಿಯಂ ಆಸ್ಲರ್ ಮೂರು ಲೇಖನ ಬರೆದು, ಚರ್ಮದಲ್ಲಿ ಕೆಂಪು ಗುರುತು ಕಾಣೋ ಇಂಥ ಕಾಯಿಲೆಗಳು ಹೃದಯ, ಶ್ವಾಸಕೋಶ, ಕಿಡ್ನಿಗೂ ಇಳಿಯುತ್ತವೆ ಅಂತ ತೋರಿಸಿದ.

1924ರಲ್ಲಿ ನ್ಯೂಯಾರ್ಕಿನ ಇಬ್ಬರು ವೈದ್ಯರು, ಇಮ್ಯಾನುಯೆಲ್ ಲಿಬ್‌ಮನ್ ಮತ್ತು ಬೆಂಜಮಿನ್ ಸ್ಯಾಕ್ಸ್, ನಾಲ್ಕು ರೋಗಿಗಳ ಬಗ್ಗೆ ಬರೆದ್ರು. ಹೃದಯದ ಕವಾಟಗಳ ಮೇಲೆ ಸಣ್ಣ ಸಣ್ಣ ಗಂಟು ಬೆಳೆದಿದ್ವು. ಅದಕ್ಕೆ ಯಾವ ಕ್ರಿಮಿಯೂ ಕಾರಣ ಆಗಿರಲಿಲ್ಲ. ಇವತ್ತಿಗೂ ಅದನ್ನ ಲಿಬ್‌ಮನ್-ಸ್ಯಾಕ್ಸ್ ಅಂತಾನೇ ಕರೀತಾರೆ.

ಕ್ರಿಮಿ ಇಲ್ದೆ ಹೃದಯ ಕೆಡೋದು ಹೇಗೆ? ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಹೊರಗಿನ ಕ್ರಿಮಿ ಮೇಲೆ ಬೀಳಬೇಕು. ಲೂಪಸ್‌ನಲ್ಲಿ ಅದು ಸ್ವಂತ ಜೀವಕೋಶಗಳ ಮೇಲೇ ತಿರುಗಿ ಬೀಳುತ್ತೆ. ಕಾಯೋ ನಾಯಿ ಮನೆಯವರಿಗೇ ಕಚ್ಚಿದ ಹಾಗೆ. ಹೃದಯದ ಸುತ್ತ, ಶ್ವಾಸಕೋಶದ ಸುತ್ತ ತೆಳ್ಳನೆ ಪೊರೆ ಇರುತ್ತೆ. ಆ ಪೊರೆ ಉರಿದು ಊದಿಕೊಂಡಾಗ ಉಸಿರು ಎಳೆದ್ರೆ ಚುಚ್ಚಿದ ಹಾಗೆ ನೋವು, ಒಳಗೆ ನೀರು ತುಂಬಿಕೊಳ್ಳೋದು. ಲೂಪಸ್‌ನಲ್ಲಿ ಎದೆಗೆ ಬರೋ ತೊಂದರೆಗಳಲ್ಲಿ ಹೆಚ್ಚಾಗಿ ಕಾಣೋದು ಇದೇ.

ಇನ್ನೊಂದು ಮಾತು. ಲೂಪಸ್ ಇರೋ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು. ಹೆಚ್ಚಾಗಿ ಶುರುವಾಗೋದು 15ರಿಂದ 45 ವಯಸ್ಸಲ್ಲಿ. ಅಂದ್ರೆ ನಮ್ಮ ಕ್ಲಾಸಿನ ಹುಡುಗೀರ ವಯಸ್ಸು, ನಮ್ಮ ಅಕ್ಕಂದಿರ, ಅಮ್ಮಂದಿರ ವಯಸ್ಸು.

ಭಾಗ 4/9: ಎದೇಲಿ ನೀರು. ಟಿಬಿನಾ, ಲೂಪಸ್ಸಾ?

ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಪಿ.ಕೆ.ಟಿ.ಬಿ. ಆಸ್ಪತ್ರೆ ಇದೆ. ಪಿ.ಕೆ. ಅಂದ್ರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ. ಆಕೆಯನ್ನೂ ಆಕೆಯ ಹೆಣ್ಣುಮಕ್ಕಳನ್ನೂ ತಗೊಂಡು ಹೋಗಿದ್ದು ಕ್ಷಯ. ಅರಮನೆಯನ್ನೇ ಬಿಡದ ಕಾಯಿಲೆ ಹಳ್ಳಿಯವರನ್ನ ಬಿಡುತ್ತಾ? ಅದಕ್ಕೇ ನಮ್ಮ ಕಡೆ ಎದೇಲಿ ನೀರು ಅಂದ ತಕ್ಷಣ ಎಲ್ಲರಿಗೂ ಮೊದಲು ನೆನಪಾಗೋದು ಟಿಬಿ. ಅದು ತಪ್ಪು ಲೆಕ್ಕ ಅಲ್ಲ. ನಮ್ಮ ದೇಶದಲ್ಲಿ ಟಿಬಿ ಇವತ್ತಿಗೂ ಇದೆ, ಡಾಕ್ಟರ್ ಅದನ್ನ ಮೊದಲು ನೋಡಲೇಬೇಕು.

ನಮ್ಮ ಚಿಕ್ಕಮ್ಮನಿಗೆ ಆಗಿದ್ದೂ ಇದೇ. ಕೀಲುನೋವು, ಸಂಜೆ ಜ್ವರ, ಕೂದಲು ಉದುರೋದು. ಕಬ್ಬಿನ ಗದ್ದೇಲಿ ಕೆಲಸ ಜಾಸ್ತಿ ಆಯ್ತು ಅಂತ ಮನೇಲಿ ಅಂದ್ಕೊಂಡ್ವಿ. ಆಮೇಲೆ ಮಲಗಿದ್ರೆ ಎದೆ ನೋವು, ಎದ್ದು ಮುಂದಕ್ಕೆ ಬಾಗಿ ಕೂತ್ರೆ ಸ್ವಲ್ಪ ಆರಾಮ. ಎಕ್ಸ್‌ರೇಲಿ ನೀರು ಕಾಣ್ತು. ಟಿಬಿ ಅಂತ ಕೆಲವು ತಿಂಗಳು ಹೋಯ್ತು. ಕೊನೆಗೆ ಒಬ್ಬ ಡಾಕ್ಟರು ಮುಖ ನೋಡಿ "ಬಿಸಿಲಿಗೆ ಹೋದ್ರೆ ಕೆನ್ನೆ ಕೆಂಪಾಗುತ್ತಾ ಅಮ್ಮ?" ಅಂತ ಕೇಳಿದ್ರು. ಆ ಒಂದು ಪ್ರಶ್ನೆಯಿಂದ ದಾರಿ ತಿರುಗ್ತು.

ಇದನ್ನ ರಕ್ತದಲ್ಲಿ ಕಂಡುಹಿಡಿಯೋದು ಸಾಧ್ಯ ಆಗಿದ್ದು 1948ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಮಾಲ್ಕಮ್ ಹಾರ್‌ಗ್ರೇವ್ಸ್ ಮತ್ತು ಜೊತೆಯವರು ಲೂಪಸ್ ರೋಗಿಗಳ ಮಜ್ಜೆಯಲ್ಲಿ "ಎಲ್‌ಇ ಸೆಲ್" ಅನ್ನೋ ವಿಚಿತ್ರ ಕಣ ನೋಡಿದ್ರು. ಒಂದು ಬಿಳಿರಕ್ತಕಣ ಇನ್ನೊಂದು ಕಣದ ನ್ಯೂಕ್ಲಿಯಸ್ಸನ್ನ ನುಂಗಿ ಕೂತಿತ್ತು. 1950ರ ದಶಕದ ಕೊನೆಗೆ ಎಎನ್ಎ ಪರೀಕ್ಷೆ ಬಂತು. ಇವತ್ತೂ ಲೂಪಸ್ ಅನುಮಾನ ಬಂದ್ರೆ ಮೊದಲು ಬರೆಯೋ ರಕ್ತಪರೀಕ್ಷೆ ಅದೇ.

ಭಾಗ 5/9: ಜೀವ ಉಳಿಸಿದ ಸಾಲ

ಮೇಯೋ ಕ್ಲಿನಿಕ್‌ನಲ್ಲೇ, ಅದೇ 1948ರಲ್ಲಿ ಇನ್ನೊಂದು ಘಟನೆ. ಫಿಲಿಪ್ ಹೆಂಚ್ ತಂಡ ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಮಹಿಳೆಗೆ ಕಾರ್ಟಿಸೋನ್ ಚುಚ್ಚುಮದ್ದು ಕೊಟ್ರು. ಕೆಲವೇ ದಿನದಲ್ಲಿ ಆಕೆ ಎದ್ದು ಓಡಾಡಿದ್ರು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್. ಅಷ್ಟು ಹೊತ್ತಿಗೆ ಲೂಪಸ್‌ಗೂ ಸ್ಟೀರಾಯ್ಡ್ ಕೊಡೋಕೆ ಶುರು ಮಾಡಿದ್ರು. ಊದಿದ ಪೊರೆ ಇಳೀತು, ಎದೆಯ ನೀರು ಇಂಗ್ತು.

ಆ ಕಾಲದಲ್ಲಿ ಪರಿಸ್ಥಿತಿ ಎಷ್ಟು ಕೆಟ್ಟದಾಗಿತ್ತು ಅಂದ್ರೆ, 1955ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು 99 ರೋಗಿಗಳ ಲೆಕ್ಕ ಕೊಟ್ಟಾಗ, ಕಾಯಿಲೆ ಗೊತ್ತಾದ ನಾಲ್ಕು ವರ್ಷಕ್ಕೆ ಬದುಕಿರೋರು ಸುಮಾರು ಅರ್ಧ ಮಾತ್ರ. ಮುಂದೆ ಔಷಧಿ, ಡಯಾಲಿಸಿಸ್, ಆಂಟಿಬಯೋಟಿಕ್ ಎಲ್ಲಾ ಸೇರಿ ಜನ ಹೆಚ್ಚು ವರ್ಷ ಬದುಕೋಕೆ ಶುರು ಮಾಡಿದ್ರು. ಆಗ ಹೊಸ ಲೆಕ್ಕ ಒಂದು ಹೊರಗೆ ಬಂತು.

1976ರಲ್ಲಿ ಟೊರಾಂಟೋದ ಮರ್ರೆ ಯೂರೋವಿಟ್ಜ್ ತಂಡ 81 ರೋಗಿಗಳನ್ನ ನೋಡಿದ್ರು. 11 ಜನ ತೀರಿಕೊಂಡಿದ್ರು. 6 ಜನ ಮೊದಲ ವರ್ಷದಲ್ಲೇ, ಕಾಯಿಲೆ ಜೋರಾಗಿದ್ದಾಗ. ಉಳಿದ 5 ಜನ ತುಂಬಾ ವರ್ಷ ಆದ್ಮೇಲೆ, ಕಾಯಿಲೆ ಹತೋಟಿಗೆ ಬಂದಾಗ. ತಡವಾಗಿ ಹೋದವರಲ್ಲಿ ಎದ್ದು ಕಂಡಿದ್ದು ಹಾರ್ಟ್ ಅಟ್ಯಾಕ್. 1997ರಲ್ಲಿ ಅಮೆರಿಕದ ಸೂಸನ್ ಮಾಂಜಿ ತಂಡ ಇನ್ನೂ ಹೆದರಿಸೋ ಅಂಕಿ ಕೊಟ್ರು: ಲೂಪಸ್ ಇರೋ 35-44 ವಯಸ್ಸಿನ ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆಗೋ ಸಾಧ್ಯತೆ ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ 50 ಪಟ್ಟಿಗೂ ಹೆಚ್ಚು.

ಕಾರಣ ಎರಡು. ವರ್ಷಗಟ್ಟಲೆ ಒಳಗೆ ನಡೆಯೋ ಉರಿ ರಕ್ತನಾಳದ ಗೋಡೆ ಕೆಡಿಸುತ್ತೆ. ಸ್ಟೀರಾಯ್ಡ್ ಜಾಸ್ತಿ ದಿನ ತಗೊಂಡ್ರೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಏರುತ್ತೆ. ನಮ್ಮ ಬಿಕಾಂ ಭಾಷೇಲಿ ಹೇಳಿದ್ರೆ ಸ್ಟೀರಾಯ್ಡ್ ಒಂದು ಸಾಲ. ಮನೆ ಮುಳುಗೋ ಹೊತ್ತಲ್ಲಿ ತಗೊಳ್ಳಲೇಬೇಕು. ಆದ್ರೆ ಅಸಲು ಇಳಿಸ್ತಾ ಬರಬೇಕು, ಇಲ್ದಿದ್ರೆ ಬಡ್ಡಿ ಕಟ್ಟೋದು ಹೃದಯ. ಹಾಗಂತ ಒಂದೇ ಸಲ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ಇಳಿಸೋ ಲೆಕ್ಕ ಡಾಕ್ಟರೇ ಹಾಕಬೇಕು.

ಭಾಗ 6/9: ನಾಲೆ ಕಾಲದ ಮದ್ದು ವಾಪಸ್ ಬಂತು

ಈಗ ಚಳಿಜ್ವರಕ್ಕೆ ಬರೋಣ. ಹಳೇ ಮದ್ದು ಕ್ವಿನೈನ್, ಸಿಂಕೋನಾ ಮರದ ತೊಗಟೆಯಿಂದ ಬರೋದು. ನಮ್ಮ ಪಕ್ಕದ ನೀಲಗಿರಿಯಲ್ಲಿ ಬ್ರಿಟಿಷರು 1860ರ ದಶಕದಲ್ಲೇ ಸಿಂಕೋನಾ ತೋಟ ಹಾಕಿದ್ರು. ಆದ್ರೆ ಜಗತ್ತಿನ ಬಹುಪಾಲು ಕ್ವಿನೈನ್ ಬರ್ತಿದ್ದಿದ್ದು ಜಾವಾದಿಂದ. 1942ರಲ್ಲಿ ಜಪಾನ್ ಜಾವಾ ಹಿಡೀತು, ಕ್ವಿನೈನ್ ನಿಂತೋಯ್ತು. ಕಾಡಿನಲ್ಲಿ ಯುದ್ಧ ಮಾಡೋ ಸೈನಿಕರಿಗೆ ಕಾರ್ಖಾನೆಯಲ್ಲಿ ಮಾಡಿದ ಮೆಪಾಕ್ರಿನ್ ಮಾತ್ರೆ ಲಕ್ಷಗಟ್ಟಲೆ ಜನಕ್ಕೆ ದಿನಾ ಕೊಟ್ರು. ಕೆಲವರ ಚರ್ಮದ ಕಾಯಿಲೆ, ಕೀಲುನೋವು ಇದರಿಂದ ಕಡಿಮೆ ಆದದ್ದು ಆಗ ಗಮನಕ್ಕೆ ಬಂತು.

1951ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಪೇಜ್ 18 ಲೂಪಸ್ ರೋಗಿಗಳಿಗೆ ಮೆಪಾಕ್ರಿನ್ ಕೊಟ್ಟು, ಹೆಚ್ಚಿನವರು ಚೇತರಿಸಿಕೊಂಡ್ರು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ಮೆಪಾಕ್ರಿನ್ ಚರ್ಮವನ್ನ ಹಳದಿ ಮಾಡ್ತಿತ್ತು. ಅದರ ಬಳಗದಲ್ಲೇ ಇನ್ನೂ ಸೌಮ್ಯವಾದ ಹೈಡ್ರಾಕ್ಸಿಕ್ಲೋರೋಕ್ವಿನ್ 1955ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಉದ್ದ ಹೆಸರು, ಎಚ್‌ಸಿಕ್ಯೂ ಅಂತ ಇಟ್ಕೊಳ್ಳೋಣ.

ತುಂಬಾ ವರ್ಷ ಇದನ್ನ ಚರ್ಮಕ್ಕೆ, ಕೀಲಿಗೆ ಅಂತ ಮಾತ್ರ ಕೊಡ್ತಿದ್ರು. 1991ರಲ್ಲಿ ಕೆನಡಾದಲ್ಲಿ ಒಂದು ಪರೀಕ್ಷೆ ಆಯ್ತು. ಎಚ್‌ಸಿಕ್ಯೂ ತಗೊಂಡು ಆರಾಮಾಗಿದ್ದ 47 ಜನರಲ್ಲಿ ಕೆಲವರಿಗೆ ಅದನ್ನೇ ಮುಂದುವರಿಸಿ, ಉಳಿದವರಿಗೆ ಅದೇ ಥರ ಕಾಣೋ ಖಾಲಿ ಮಾತ್ರೆ ಕೊಟ್ರು. ಸುಮಾರು ಆರು ತಿಂಗಳಲ್ಲಿ, ಮದ್ದು ನಿಲ್ಲಿಸಿದವರಿಗೆ ಕಾಯಿಲೆ ಮತ್ತೆ ಕೆರಳೋ ಸಾಧ್ಯತೆ ಎರಡೂವರೆ ಪಟ್ಟು ಹೆಚ್ಚಿತ್ತು. ಆಮೇಲಿನ ಅಧ್ಯಯನಗಳಲ್ಲಿ ಈ ಮಾತ್ರೆ ತಗೊಳ್ಳೋರಲ್ಲಿ ರಕ್ತ ಹೆಪ್ಪುಗಟ್ಟೋದು, ಸಾವು ಎರಡೂ ಕಡಿಮೆ ಅಂತ ಕಂಡುಬಂತು.

"ಮುಖ ಚೆನ್ನಾಗಾಯ್ತಲ್ಲ, ಇನ್ಯಾಕವ್ವ ಮಾತ್ರೆ? ಹೀಟು!" ಅಂತ ಚಿಕ್ಕಮ್ಮನಿಗೆ ಬೀದಿಯವರೆಲ್ಲ ಹೇಳೋರು. ಉತ್ತರ ಆ 47 ಜನರ ಲೆಕ್ಕದಲ್ಲಿದೆ. ಮುಖದ ಮೇಲಿನ ಚಿಟ್ಟೆ ಹಾರಿಹೋಯ್ತು ಅಂದ್ರೆ ಎದೆಯೊಳಗೂ ಎಲ್ಲಾ ತಣ್ಣಗಾಯ್ತು ಅಂತ ಅಲ್ಲ. ಮಾತ್ರೆ ನಡೀತಿರೋದಕ್ಕೇ ಮುಖ ಚೆನ್ನಾಗಿರೋದು.

ಭಾಗ 7/9: 2020ರ ಮಾರ್ಚ್

ಆಗ ನಾವೆಲ್ಲ ಹೈಸ್ಕೂಲು. ಸ್ಕೂಲ್ ಮುಚ್ಚಿದ್ದು ಮಾತ್ರ ನಮಗೆ ನೆನಪಿರೋದು. ಲೂಪಸ್ ಇರೋ ಮನೆಗಳಿಗೆ ಬೇರೆ ನೆನಪಿದೆ.

ಎಚ್‌ಸಿಕ್ಯೂ ಕೊರೊನಾಗೆ ಮದ್ದು ಅನ್ನೋ ಸುದ್ದಿ ಜಗತ್ತೆಲ್ಲ ಹಬ್ಬಿತು. ಮಾರ್ಚ್ ಕೊನೇ ವಾರ ಐಸಿಎಂಆರ್, ಕೊರೊನಾ ರೋಗಿಗಳನ್ನ ನೋಡಿಕೊಳ್ಳೋ ಆರೋಗ್ಯ ಸಿಬ್ಬಂದಿ ಮತ್ತು ಸೋಂಕಿತರ ಮನೆಯವರು ಮುನ್ನೆಚ್ಚರಿಕೆಗೆ ಇದನ್ನ ತಗೋಬಹುದು ಅಂತ ಸಲಹೆ ಕೊಡ್ತು. ಸಲಹೆ ಇದ್ದಿದ್ದು ಅಷ್ಟೇ ಜನಕ್ಕೆ. ಆದ್ರೆ ವಾಟ್ಸಾಪ್ ನೋಡಿ ಸಿಕ್ಕಿದವರೆಲ್ಲ ಕೊಂಡು ಮನೇಲಿ ಇಟ್ಕೊಂಡ್ರು. ಸರ್ಕಾರ ರಫ್ತು ನಿಲ್ಲಿಸಿ, ಮಾರ್ಚ್ 26ಕ್ಕೆ ಇದನ್ನ ಡಾಕ್ಟರ್ ಚೀಟಿ ಇಲ್ದೆ ಮಾರಬಾರದ ಎಚ್1 ಪಟ್ಟಿಗೆ ಸೇರಿಸ್ತು.

ನಮ್ಮ ಚಿಕ್ಕಪ್ಪ ಹಳೇ ಚೀಟಿ ಹಿಡಕೊಂಡು ಬೈಕಲ್ಲಿ ಒಂದೊಂದೇ ಮೆಡಿಕಲ್ ಸ್ಟೋರ್ ಸುತ್ತಿದ್ರು. ಲಾಕ್‌ಡೌನ್, ದಾರೀಲಿ ಪೊಲೀಸರು ನಿಲ್ಲಿಸೋರು. ಒಂದು ಅಂಗಡಿಯವರು "ಇದು ಕೊರೊನಾ ಮಾತ್ರೆ, ನಿಮಗ್ಯಾಕೆ?" ಅಂತ ಕೇಳಿದ್ರಂತೆ. ಹತ್ತು ವರ್ಷದಿಂದ ಅದನ್ನೇ ನಂಬ್ಕೊಂಡು ಬದುಕಿರೋರಿಗೆ ಆ ಪ್ರಶ್ನೆ! ಮನೇಲಿ ಉಳಿದಿದ್ದ ಮಾತ್ರೇನ ಚಿಕ್ಕಮ್ಮ ದಿನ ಬಿಟ್ಟು ದಿನ ತಗೊಂಡ್ರು. ಮೂರನೇ ವಾರಕ್ಕೆ ಕೀಲು ಬಿಗಿದು, ಉಸಿರು ಎಳೆದ್ರೆ ಎಡಗಡೆ ಚುಚ್ಚೋಕೆ ಶುರು. ಆಮೇಲೆ ಪಟ್ಟಣದಲ್ಲಿ ಒಬ್ಬ ಅಂಗಡಿಯವರು ಚೀಟಿ ನೋಡಿ ತೆಗೆದಿಟ್ಟು ಕೊಟ್ರು, ಆ ಸಲ ಆಸ್ಪತ್ರೆ ಸೇರೋದು ತಪ್ತು.

2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅನ್ನೋ ದೊಡ್ಡ ಪರೀಕ್ಷೆ, ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳಿಗೆ ಈ ಮಾತ್ರೆಯಿಂದ ಉಪಯೋಗ ಇಲ್ಲ ಅಂತ ಹೇಳ್ತು. ಬೇಕಿಲ್ಲದವರ ಡಬ್ಬಿಯಲ್ಲಿ ಮಾತ್ರೆ ಉಳೀತು. ಬೇಕಾದವರು ಅಷ್ಟು ದಿನ ಅದಿಲ್ದೆ ಕಳೆದ್ರು. ಕಾಮರ್ಸ್ ಕ್ಲಾಸಲ್ಲಿ ಡಿಮ್ಯಾಂಡ್, ಸಪ್ಲೈ ಪಾಠ ಬಂದಾಗಲೆಲ್ಲ ನನಗೆ ಆ ಗ್ರಾಫಲ್ಲಿ ಚಿಕ್ಕಪ್ಪನ ಬೈಕೇ ಕಾಣೋದು.

ಭಾಗ 8/9: ಹೆಪ್ಪು, ಒತ್ತಡ, ಮಗು

ಹೃದಯ, ಶ್ವಾಸಕೋಶದ ಕತೆ ನೀರಿಗೆ ಮುಗಿಯಲ್ಲ. ಇನ್ನೂ ನಾಲ್ಕು ವಿಷಯ ಒಂದೊಂದಾಗಿ ಬೆಳಕಿಗೆ ಬಂದವು.

1965: ಲಂಡನ್‌ನಲ್ಲಿ ಹಾಫ್‌ಬ್ರಾಂಡ್ ಮತ್ತು ಬೆಕ್ "ಕುಗ್ಗುವ ಶ್ವಾಸಕೋಶ" ಅನ್ನೋ ತೊಂದರೆ ವರ್ಣಿಸಿದ್ರು. ಏದುಸಿರು ಇರುತ್ತೆ, ಎಕ್ಸ್‌ರೇಲಿ ಶ್ವಾಸಕೋಶ ಚಿಕ್ಕದಾಗಿ ಕಾಣುತ್ತೆ, ಆದ್ರೆ ಶ್ವಾಸಕೋಶದ ಒಳಗೆ ಅದಕ್ಕೆ ತಕ್ಕ ಕಾಯಿಲೆ ಕಾಣಲ್ಲ. ವಪೆ ಸರಿಯಾಗಿ ಕೆಲಸ ಮಾಡದಿರೋದು ಇದರಲ್ಲಿ ಮುಖ್ಯ.

1983: ಲಂಡನ್‌ನಲ್ಲೇ ಗ್ರಹಾಂ ಹ್ಯೂಸ್, ಕೆಲವರ ರಕ್ತದಲ್ಲಿರೋ ಒಂದು ಬಗೆಯ ಪ್ರತಿಕಾಯದಿಂದ ರಕ್ತ ಬೇಗ ಹೆಪ್ಪುಗಟ್ಟುತ್ತೆ ಅಂತ ವಿವರಿಸಿದ. ಕಾಲಿನ ಹೆಪ್ಪು ಕಿತ್ಕೊಂಡು ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡ್ರೆ ಪ್ರಾಣಕ್ಕೇ ಬರುತ್ತೆ. ಒಂದೇ ಕಾಲು ಊದಿಕೊಂಡು ನೋಯ್ತಿದ್ರೆ ಎಣ್ಣೆ ಹಚ್ಚಿ ತಿಕ್ಕೋ ಕೆಲಸ ಬೇಡ, ಅವತ್ತೇ ಆಸ್ಪತ್ರೆ. ಇಂಥವರಿಗೆ ವಾರ್ಫರಿನ್ ಕೊಟ್ಟು, ಐಎನ್‌ಆರ್ ಪರೀಕ್ಷೆ ಮಾಡಿಸ್ತಾ ಇರ್ತಾರೆ.

ಶ್ವಾಸಕೋಶದ ರಕ್ತನಾಳದ ಒತ್ತಡ: ಇದು ನಾವು ತೋಳಲ್ಲಿ ನೋಡೋ ಬಿಪಿ ಅಲ್ಲ. ಹೃದಯದಿಂದ ಶ್ವಾಸಕೋಶಕ್ಕೆ ಹೋಗೋ ನಾಳದ ಬಿಪಿ. ಏರಿದ್ರೆ ಹೃದಯದ ಬಲಭಾಗ ಸೋತುಹೋಗುತ್ತೆ. ಅನುಮಾನ ಹುಟ್ಟಿಸೋದು ಎಕೋ ಸ್ಕ್ಯಾನ್, ಖಚಿತ ಮಾಡೋದು ಹೃದಯಕ್ಕೆ ತೂರಿಸೋ ಕ್ಯಾತಿಟರ್. 2001ರಲ್ಲಿ ಬೋಸೆಂಟಾನ್, 2005ರಲ್ಲಿ ಸಿಲ್ಡೆನಾಫಿಲ್ ಇದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಲೂಪಸ್‌ನಲ್ಲಿ ಇವುಗಳ ಜೊತೆ ರಕ್ಷಣಾ ವ್ಯವಸ್ಥೆ ತಗ್ಗಿಸೋ ಔಷಧಿಯೂ ಕೆಲವರಿಗೆ ಕೆಲಸ ಮಾಡುತ್ತೆ.

ಮಗುವಿನ ಹೃದಯ: ತಾಯಿಯ ರಕ್ತದಲ್ಲಿ "ಆಂಟಿ-ರೋ" ಇದ್ರೆ ಅದು ಹೊಟ್ಟೆಯ ಮಗುವಿಗೆ ದಾಟಿ ಹೃದಯಬಡಿತ ನಿಧಾನ ಮಾಡಬಹುದು. ಅದಕ್ಕೇ ಬಸುರಿಯಾದಾಗ ಮಗುವಿನ ಎಕೋ ಮಾಡ್ತಾರೆ. ಹಿಂದಿನ ಮಗುವಿಗೆ ಹೀಗಾಗಿದ್ದ ತಾಯಂದಿರ ಬಗ್ಗೆ 2020ರಲ್ಲಿ ಒಂದು ಅಧ್ಯಯನ ಬಂತು. ಮತ್ತೆ ಹಾಗಾಗೋ ಪ್ರಮಾಣ ಮೊದಲಿನ ಲೆಕ್ಕದಲ್ಲಿ 100ಕ್ಕೆ 18 ಇದ್ದಿದ್ದು, ಎಚ್‌ಸಿಕ್ಯೂ ತಗೊಂಡವರಲ್ಲಿ ಸುಮಾರು 7ಕ್ಕೆ ಇಳೀತು. ನೋಡಿ, ಮತ್ತೆ ಅದೇ ಚಳಿಜ್ವರದ ಮಾತ್ರೆ.

ಭಾಗ 9/9: ಈಗ ಏನು ಮಾಡ್ತಾರೆ?

ನಾನು ಡಾಕ್ಟರ್ ಅಲ್ಲ ಕಣ್ರಪ್ಪ, ಬಿಕಾಂ. ಡೋಸ್ ಎಲ್ಲಾ ನಿಮ್ಮ ಡಾಕ್ಟರ್ ಹೇಳಿದ ಹಾಗೆ. ಈ 170 ವರ್ಷದ ಇತಿಹಾಸದಿಂದ ಉಳಿದ ಪಾಠ ಮಾತ್ರ ಪಟ್ಟಿ ಮಾಡ್ತೀನಿ, ಸೇವ್ ಮಾಡ್ಕೊಳ್ಳಿ.

• ಎಚ್‌ಸಿಕ್ಯೂ ನಿಲ್ಲಿಸಬಾರದು. ತೂಕ ನೋಡಿ, ಕೆಜಿಗೆ ಸುಮಾರು 5 ಮಿಲಿಗ್ರಾಂ ಲೆಕ್ಕದಲ್ಲಿ ಕೊಡ್ತಾರೆ. ವರ್ಷಗಟ್ಟಲೆ ತಗೊಂಡ್ರೆ ಅಪರೂಪಕ್ಕೆ ಕಣ್ಣಿನ ಪರದೆಗೆ ತೊಂದರೆ ಆಗಬಹುದು. ಅದಕ್ಕೆ ಶುರುವಲ್ಲಿ ಒಂದು ಸಲ, ಐದು ವರ್ಷ ಆದ್ಮೇಲೆ ವರ್ಷಕ್ಕೊಂದು ಸಲ ಕಣ್ಣಿನ ಪರೀಕ್ಷೆ.

• ಸ್ಟೀರಾಯ್ಡ್ ಆದಷ್ಟು ಕಡಿಮೆ. ಯುರೋಪಿನ ತಜ್ಞರ 2023ರ ಸಲಹೆ ಪ್ರಕಾರ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕೂ ಕೆಳಗೆ ತರಬೇಕು, ಸಾಧ್ಯ ಆದ್ರೆ ಪೂರ್ತಿ ಬಿಡಿಸಬೇಕು.

• ಹೃದಯದ ಸುತ್ತ ನೀರು ಕಡಿಮೆ ಇದ್ರೆ ಮಾತ್ರೆಯಲ್ಲೇ ಇಳಿಯುತ್ತೆ. ಜಾಸ್ತಿ ಆಗಿ ಹೃದಯವನ್ನ ಅದುಮಿದ್ರೆ ಸೂಜಿ ಹಾಕಿ ತೆಗೀಬೇಕು, ಅದು ತುರ್ತು.

• ಹೊಸದಾಗಿ ಜ್ವರ, ಕೆಮ್ಮು ಬಂದ್ರೆ ಎಲ್ಲಾ ಲೂಪಸ್ಸೇ ಅಂದ್ಕೋಬೇಡಿ. ಸ್ಟೀರಾಯ್ಡ್ ತಗೊಳ್ಳೋರಿಗೆ ನ್ಯುಮೋನಿಯಾ, ಟಿಬಿ ಸುಲಭಕ್ಕೆ ಬರುತ್ತೆ. ಮೊದಲು ಅದನ್ನ ನೋಡಬೇಕು. ಫ್ಲೂ, ನ್ಯುಮೋನಿಯಾ ಲಸಿಕೆ ಬಗ್ಗೆ ಕೇಳಿ.

• ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂವತ್ತರ ವಯಸ್ಸಲ್ಲೇ ನೋಡಿಸಿ. ಬೀಡಿ, ಸಿಗರೇಟು ಮನೆಯಲ್ಲಿ ಬೇರೆಯವರು ಸೇದೋದೂ ಬೇಡ.

• ಕೆಮ್ಮಿದ್ರೆ ರಕ್ತ, ಮೆಟ್ಟಿಲು ಹತ್ತಿದ್ರೆ ಹೊಸದಾಗಿ ಏದುಸಿರು, ಮಲಗಿದ್ರೆ ಎದೆನೋವು, ಒಂದೇ ಕಾಲಲ್ಲಿ ಊತ. ಯಾವುದಿದ್ರೂ ಕಾಯಬೇಡಿ.

ನಮ್ಮ ಕಡೆಯವರಿಗೆ ಹತ್ತಿರ ಇರೋದು ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ. ಹೃದಯಕ್ಕೆ ಮೈಸೂರಿನ ಜಯದೇವ, ಅದೂ ಪಿ.ಕೆ.ಟಿ.ಬಿ. ಇರೋ ಕೆ.ಆರ್.ಎಸ್. ರಸ್ತೆಯಲ್ಲೇ. ಲೂಪಸ್ ನೋಡೋ ತಜ್ಞರನ್ನ ರುಮಟಾಲಜಿಸ್ಟ್ ಅಂತಾರೆ. ಈ ಪದ ನಮ್ಮೂರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದಿದ್ರೆ ಚಿಕ್ಕಮ್ಮನ ಕೆಲವು ತಿಂಗಳು ಉಳೀತಿತ್ತು. ಅದಕ್ಕೇ ಇಷ್ಟುದ್ದ ಬರೆದಿದ್ದು.

ನಿಮ್ಮ ಮನೇಲಿ ಯಾರಿಗಾದ್ರೂ ಕೀಲುನೋವು, ಬಿಸಿಲಿಗೆ ಕೆಂಪಾಗೋ ಕೆನ್ನೆ, ಎದೇಲಿ ಚುಚ್ಚು ಮೂರೂ ಒಟ್ಟಿಗೆ ಇದ್ರೆ ಈ ಸೀರೀಸ್ ಅವರಿಗೆ ಕಳಿಸಿ. ಹಾಗೇ ನಿಮ್ಮ ತಾತ, ಅಜ್ಜಿ ಹತ್ರ ನಾಲೆ ಬಂದ ಕಾಲದ ಚಳಿಜ್ವರದ ಕತೆ ಇದ್ರೆ ಕಾಮೆಂಟಲ್ಲಿ ಬರೀರಿ. ಕೊತ್ತತ್ತಿ ಹೋಬಳಿಯವರು ಬರೆದ್ರೆ ಇನ್ನೂ ಖುಷಿ. ಅವನ್ನೆಲ್ಲ ಸೇರಿಸಿ ಮುಂದಿನ ಸೀರೀಸ್ ಮಾಡೋಣ.

#ಲೂಪಸ್ #ಮಂಡ್ಯ #ಕೊತ್ತತ್ತಿ #ವಿಸಿನಾಲೆ #ಕಾಯಿಲೆಯಇತಿಹಾಸ